ಎರಡು ಸೀಟಿನ ಸೈಕಲ್ಲು

ಕಡಲಂಚಿನ ರಸ್ತೆ ಏರತೊಡಗಿದ ಜಾಗದಲ್ಲಿ ಗಡಿಯಾರ ರಿಪೇರಿಯವನು ಪೆಡಲ್ ತುಳಿಯುವುದನ್ನು ಸದ್ದಿಲ್ಲದೆ ನಿಲ್ಲಿಸಿಬಿಟ್ಟ. ಕಾಲುಗಳೇನೋ ಪೆಡಲಿನ ಮೇಲೇ ಇದ್ದವು, ಒತ್ತುವುದನ್ನು ಮಾತ್ರ ಬಿಟ್ಟಿದ್ದ. ಬಾಡಿಗೆಗೆ ತಂದ ಎರಡು ಸೀಟಿನ ಸೈಕಲ್ಲು ಅದು. ಹಿಂದಿನ ಸೀಟಿನಲ್ಲಿ ಹೆಂಡತಿ. "ನೀನು ಸುಮ್ನೆ ಕೂತು ಸಮುದ್ರ ನೋಡು, ಎಳ್ಕೊಂಡು ಹೋಗೋಕೆ ನಾನಿದೀನಿ" ಎಂದು ಬೆಳಗಿನಿಂದ ಜಂಬ ಕೊಚ್ಚುತ್ತಲೇ ಬಂದಿದ್ದ. ಅವಳು ನಿಜಕ್ಕೂ ಸುಮ್ಮನೆ ಕೂತಿದ್ದಾಳೋ, ಚೂರುಪಾರಾದರೂ ತುಳಿಯುತ್ತಿದ್ದಾಳೋ ಎಂಬ ಕುತೂಹಲವನ್ನು ಇನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಈಗ ನಿಲ್ಲುತ್ತದೆ, ಇನ್ನೇನು ವಾಲುತ್ತದೆ ಎಂದು ಅವನು ಒಂದು ಕಾಲನ್ನು ನೆಲಕ್ಕೂರಲು ಸಜ್ಜಾದ. ಸೈಕಲ್ಲು ನಿಲ್ಲಲಿಲ್ಲ. ಹಿಂದಿನಿಂದ ಬಂದ ಚೈನು ಅವನ ಪೆಡಲುಗಳನ್ನೂ ತಿರುಗಿಸುತ್ತಾ, ಕಾಲುಗಳನ್ನು ಮಗುವಿನ ಕಾಲಿನಂತೆ ಎತ್ತಿ ಇಳಿಸುತ್ತಿತ್ತು. ಏರು ಕಡಿದಾಯಿತು, ಲಯ ತಪ್ಪಲಿಲ್ಲ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು ಅವನಿಗೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ದಿನವಿಡೀ ಹೊಲಿಗೆ ಮೆಷಿನ್ನು ತುಳಿಯುವ ಲಯವೇ ಇದು. ತನ್ನ ಗಡಿಯಾರಗಳ ಟಿಕ್‌ಟಿಕ್ಕಿನ ನಡುವೆ ಅವನು ಅದಕ್ಕೆ ಕಿವಿಗೊಟ್ಟಿದ್ದೇ ಇಲ್ಲ.

ಹಿಂತಿರುಗಿ ನೋಡಲು ಮುಖವಿಲ್ಲದೆ ಪಕ್ಕಕ್ಕೆ ನೋಡಿದ. ಬೆಳಗಿನಿಂದ ರಸ್ತೆಯನ್ನೇ ದಿಟ್ಟಿಸಿದ್ದ ಕಣ್ಣಿಗೆ ಅಷ್ಟೂ ಸಮುದ್ರ ಒಮ್ಮೆಲೇ ಬಿತ್ತು. "ಎಷ್ಟು ನೀಲಿ ಇದೆ ಅಲ್ವೇನೇ?" ಎಂದ.

"ಅಂತೂ ತುಳಿಯೋದು ಬಿಟ್ರಲ್ಲ!" ಎಂದಳು ಅವಳು, ಏದುಸಿರೂ ಇಲ್ಲದೆ. "ಸುಮ್ನೆ ಕೂತು ಸಮುದ್ರ ನೋಡಿ. ನಾನಿದೀನಿ."