ಕೈ ಹಾಕದ ಲೆಕ್ಕ

"ಹುಟ್ಟಿದ ನಿಮಿಷ ಬೇಕು," ಎಂದ ಶೇಷಪ್ಪ. "ಸುಮಾರು ಅಂದ್ರೆ ಆಗಲ್ಲ."

ವರದಮ್ಮನಿಗೆ ಅವನ ಮೇಲೆ ಆಗಲೇ ಅನುಮಾನ. ಜಾತಕ ನೋಡುವವನ ಹಣೆಯಲ್ಲಿ ಕುಂಕುಮವಿಲ್ಲ, ಗೋಡೆಯಲ್ಲಿ ದೇವರಿಲ್ಲ. ಟಿವಿಯಂಥ ಪೆಟ್ಟಿಗೆ, ಒಂದು ಪ್ರಿಂಟರು, ಅಷ್ಟೇ. ಕಾರ್ಗಲ್ಲಿನ ನೌಕರಿ ಬಿಟ್ಟು, ಸಾಗರದ ಈ ಬಾಡಿಗೆ ಕೋಣೆಯಲ್ಲಿ ತಾನೇ ಪ್ರೋಗ್ರಾಮು ಬರೆದುಕೊಂಡು ಕೂತವನಂತೆ. ಬಾಗಿಲಲ್ಲಿ ಬೋರ್ಡು: 'ಕಂಪ್ಯೂಟರ್ ಜಾತಕ. ಹುಟ್ಟಿದ ನಿಮಿಷ ಗೊತ್ತಿಲ್ಲದವರು ಬರಬೇಡಿ. ನಂಬುವುದು ಬಿಡುವುದು ನಿಮ್ಮಿಷ್ಟ, ಲೆಕ್ಕ ನನ್ನದು. ಬಂದ ಲೆಕ್ಕಕ್ಕೆ ಕೈ ಹಾಕುವುದಿಲ್ಲ.'

ತಮ್ಮೂರು ಕೋಣಂದೂರಿನಲ್ಲಿ ಜೋಯಿಸರಿಗೆ ಬರವೇ? ಸಾಗರಕ್ಕೇ ಹೋಗಬೇಕೆಂದು ಮಗಳು ಶರಾವತಿಯ ಹಟ. ಟೈಪಿಂಗ್ ಕಲಿಯಲು ಈ ಊರಿಗೆ ಬಂದವಳು ಯಾರನ್ನೋ ಮೆಚ್ಚಿಕೊಂಡಿದ್ದಳು. ಅಪ್ಪ ಹೂವಯ್ಯ ಕೂಗಾಡಿ ಸುಸ್ತಾಗಿ ಕೊನೆಗೊಂದು ಮಾತು ಕೊಟ್ಟಿದ್ದ. ಜಾತಕ ಕೂಡಿದರೆ ಹುಡುಗನ ಹೆಸರು ಕೇಳುತ್ತೇನೆ, ಮದುವೆಯನ್ನೂ ಮಾಡುತ್ತೇನೆ. ಕೂಡದಿದ್ದರೆ ಹೆಸರೂ ಬೇಡ.

"ಇವಳು ಹುಟ್ಟಿದಾಗ ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗೀತಿತ್ತು," ಎಂದಳು ವರದಮ್ಮ.

"ಮುಗೀತಿತ್ತಾ, ಮುಗಿದಿತ್ತಾ?"

"ಹೆರೋಳು ನಾನು ಮಾರಾಯ, ಗಡಿಯಾರ ನೋಡ್ತಾ ಕೂತಿದ್ನಾ? ಏಳೂ ಹದಿನೈದು ಅಂತ ನಮ್ಮತ್ತೆ ಹೇಳಿದ್ರು."

ಅವನು ಅದನ್ನು ಕಂಪ್ಯೂಟರಿಗೆ ಒತ್ತಿಕೊಂಡ. "ಈಗ ಹುಡುಗನದ್ದು."

ಶರಾವತಿ ತಾರೀಖು ಹೇಳಿದಳು. ಊರು ಹೊಸನಗರ ಎಂದಳು. ಅವನು ತಲೆಯೆತ್ತದೆ ಕೀಲಿಗಳನ್ನು ಒತ್ತುತ್ತಾ ಹೋದ. ವರದಮ್ಮ ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊತ್ತಳು.

ಪ್ರಿಂಟರು ಕಿರುಗುಟ್ಟಿ ನಿಂತಿತು. ಅವನು ಹಾಳೆಯನ್ನು ಹರಿದುಕೊಂಡ. ಬಹಳ ಹೊತ್ತು ನೋಡಿದ.

"ಗುಣ ಹನ್ನೊಂದು. ಹದಿನೆಂಟಾದ್ರೂ ಬೇಕು. ಕೂಡಲ್ಲ."

"ಪ್ರೋಗ್ರಾಮು ನೀನೇ ಮಾಡಿದ್ದಲ್ವಾ? ಹದಿನೆಂಟು ಅಂತ ಒತ್ತಿಬಿಡು," ವರದಮ್ಮ ಬೇಡಿದಳು. "ನಿನ್ನ ತಂಗಿ ಅಂದ್ಕೋ."

ಶರಾವತಿ ಕಿಸಕ್ಕನೆ ನಕ್ಕಳು. ಆ ನಗು ತಾಯಿಗೆ ಹಿಡಿಸಲಿಲ್ಲ.

"ಒಬ್ಬರಿಗೆ ತಿದ್ದಿದ್ರೆ, ಕೂಡಲ್ಲ ಅಂತ ವಾಪಸ್ ಕಳಿಸಿದೋರಿಗೆಲ್ಲ ಏನು ಹೇಳಲಿ?"

"ನೀವು ಜಾತಕ ನಂಬ್ತೀರಾ?" ಶರಾವತಿ ಕೇಳಿದಳು.

"ಇಲ್ಲ."

"ಮತ್ತೆ?"

"ಲೆಕ್ಕ ಸರಿ ಇದೆ."

"ಯಾರದ್ದಾದ್ರೂ ಹೀಗೇನಾ?"

"ಯಾರದ್ದಾದ್ರೂ."

ಹಾಳೆಯನ್ನು ವರದಮ್ಮನ ಕೈಗೆ ಕೊಟ್ಟು ಅವನು ಪರದೆಯ ಕಡೆ ತಿರುಗಿದ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಶರಾವತಿ ಅಳಲಿಲ್ಲ. ಎದುರಿನ ಬಸ್ಸಿನ ಬೋರ್ಡು ಓದುತ್ತಾ ಕೂತಳು. ಕೋಣಂದೂರಿನ ಬಸ್ಸು ಬಂದು ನಿಂತಾಗ ವರದಮ್ಮ ಅವಳ ರಟ್ಟೆ ಹಿಡಿದು ಜಗ್ಗಿದಳು.

"ಹೇ ಶರಾವತಿ! ಹುಡುಗ ಹುಟ್ಟಿದ ಹೊತ್ತು ನೀನು ಹೇಳ್ಲೇ ಇಲ್ಲ! ನಿಮಿಷ ನಿಮಿಷ ಅಂತ ನನ್ನ ಜೀವ ತಿಂದೋನು ನಿನ್ನ ಕೇಳ್ಲೂ ಇಲ್ಲ. ಅದು ತಪ್ಪು ಲೆಕ್ಕ ಕಣೇ! ಏಳು, ವಾಪಸ್ ಹೋಗಣ."

ಶರಾವತಿ ಎದ್ದು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು.

"ತಾವು ಹುಟ್ಟಿದ ಹೊತ್ತು ಅವರು ನನ್ನ ಯಾಕೆ ಕೇಳ್ತಾರೆ, ಅಮ್ಮಾ?"