ಹಲ್ಲು ಬಿದ್ದ ಪೈಲಟ್

"ನೌಕೆಯ ಬಾಗಿಲು ಮೇಲಕ್ಕೆ ತೆರೀಬೇಕು, ಪಕ್ಕಕ್ಕಲ್ಲ," ಎಂದು ಮೊಮ್ಮಗಳ ಜೊತೆ ಟಿವಿ ನೋಡುತ್ತಿದ್ದ ಟೈಲರ್ ಅಜ್ಜಿ ಗೊಣಗಿದಳು. ಅವಳ ಮೆಚ್ಚಿನ ಹಳೆಯ ಬಾಹ್ಯಾಕಾಶ ಧಾರಾವಾಹಿಯನ್ನು ಈಗ ಮಕ್ಕಳಿಗೆಂದು ಕಾರ್ಟೂನ್ ಮಾಡಿದ್ದರು. ಅಷ್ಟರಲ್ಲಿ ನೌಕೆಯ ಪೈಲಟ್, ಇದರಲ್ಲಿ ಎಂಟು ವರ್ಷದ ಹುಡುಗನಾಗಿ, ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಾ ಇಳಿದು ಬಂದ. ಗುಂಡಿ ಹೊಲಿಯುತ್ತಿದ್ದ ಅವಳ ಕೈ ನಿಂತಿತು.

ಹಳೆಯದರ ಕೊನೆಯ ಕಂತಿನಲ್ಲಿ ಇದೇ ಪೈಲಟ್ ಸತ್ತಾಗ ಅವಳೂ ಅಕ್ಕನೂ ಒಂದೇ ದಿಂಬಿಗೆ ಮುಖವಿಟ್ಟು ಅತ್ತಿದ್ದರು. ಅಮ್ಮನಿಂದ ಬೈಸಿಕೊಂಡರೂ ಅಳು ನಿಲ್ಲಿಸಿರಲಿಲ್ಲ. ಆ ಅಕ್ಕ ಹೋದ ವರ್ಷ ತೀರಿಕೊಂಡಳು.

"ದೊಡ್ಡವನಾದ್ಮೇಲೆ ಇವನು ಏನಾಗ್ತಾನೆ ಅಜ್ಜಿ?" ಮೊಮ್ಮಗಳು ಕೇಳಿದಳು.

ಆ ಕಥೆಯನ್ನು ಯಾರು ಕೊಂಚ ತಪ್ಪಾಗಿ ಹೇಳಿದರೂ ಸಹಿಸದ ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಮುದುಕ ಆಗ್ತಾನೆ ಕಣೇ. ನನ್ನ ಹಾಗೇ ತಲೆಯೆಲ್ಲಾ ಬೆಳ್ಳಗಾಗತ್ತೆ."

"ಒಬ್ಬನೇ ಇರ್ತಾನಾ?"

"ಇಲ್ಲಮ್ಮ. ಅಕ್ಕ ಇರ್ತಾಳಲ್ಲ, ಜೊತೆಗೆ."