ಫೈಲಿನೊಳಗಿನ ಕಾಲುಂಗುರ

ಫೈಲಿನಿಂದ ಜಾರಿದ ಕಾಲುಂಗುರ ಸಂದರ್ಶನದ ಮೇಜಿನ ಮೇಲೆ ಉರುಳಿಹೋಗಿ ಪ್ರೊಫೆಸರ್ ಸರ್ವಮಂಗಳಾ ಅವರ ನೀರಿನ ಲೋಟಕ್ಕೆ ತಗುಲಿ ನಿಂತಿತು. "ಮದುವೆ ಆಗಿದ್ಯೇನಮ್ಮ?" ಎಂದು ಆಯ್ಕೆ ಸಮಿತಿಯ ಹಿರಿಯ ಸದಸ್ಯ ರುದ್ರಪ್ಪನವರು ಆಗತಾನೇ ಕೇಳಿದ್ದರು. ಉತ್ತರ ತಪ್ಪಿಸಲೆಂದೇ ರೂಪಶ್ರೀ ತನ್ನ ಸಂಶೋಧನಾ ಲೇಖನ ತೋರಿಸುವ ನೆಪದಲ್ಲಿ ಫೈಲು ಬಿಚ್ಚಿದ್ದಳು.

ಕೀಟಶಾಸ್ತ್ರದ ಅಧ್ಯಾಪಕಿಯಾಗಲು ಅವಳು ಹೋಗಿದ್ದ ಹಿಂದಿನ ಎರಡು ಸಂದರ್ಶನಗಳೂ ಮದುವೆ, ಗಂಡ, ಮುಂದೆ ಹುಟ್ಟಲಿರುವ ಮಕ್ಕಳ ಮಾತಿನಲ್ಲೇ ಮುಗಿದಿದ್ದವು. ಅದಕ್ಕೇ ಇವತ್ತು ಮಾದಿಹಳ್ಳಿಯಿಂದ ಬರುವಾಗ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಾಲುಂಗುರ ಬಿಚ್ಚಿದ್ದಳು. ಇಲ್ಲಿ ಬ್ಯಾಗು ಹೊರಗಿಡಬೇಕು ಎಂದಾಗ, ಕಳೆದುಹೋದೀತೆಂದು ಫೈಲಿಗೆ ಸೇರಿಸಿದ್ದಳು.

"ಅದು ಕಾಲುಂಗುರ ಅಲ್ವಾ ಮೇಡಂ?" ರುದ್ರಪ್ಪನವರು ಕನ್ನಡಕ ಸರಿಮಾಡಿಕೊಂಡರು.

"ಹೌದು. ನಂದು," ಎಂದ ಸರ್ವಮಂಗಳಾ ಅದನ್ನು ಎತ್ತಿಕೊಂಡು ಮುಷ್ಟಿ ಮುಚ್ಚಿದರು.

ಅವರು ಮದುವೆಯೇ ಆಗಿಲ್ಲವೆಂಬುದು ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದ ರುದ್ರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಆ ವಿಷಯ ಇನ್ನೊಮ್ಮೆ ಎತ್ತಿದರೆ ಉತ್ತರ ಯಾರಿಂದ ಬರುತ್ತದೆ ಎಂಬುದೂ ಈಗ ಗೊತ್ತಾಯಿತು. ಕನ್ನಡಕ ತೆಗೆದು ಒರೆಸತೊಡಗಿದರು.

ಸರ್ವಮಂಗಳಾ ಇನ್ನೊಂದು ಕೈಯಲ್ಲಿ ಲೇಖನದ ಹಾಳೆ ತಿರುವಿದರು. "ಗಂಡಸಿ ಕಡೆ ತೆಂಗಿನ ತೋಟಗಳಲ್ಲಿ ಕಪ್ಪುತಲೆ ಹುಳ ಹಿಡಿತಕ್ಕೆ ಬಂತು ಅಂತ ಬರ್ದಿದ್ದೀರಲ್ಲ, ಹೇಗೆ ಅಂತ ಹೇಳಿ. ಆತುರ ಬೇಡ."

ಮೂರು ಸಂದರ್ಶನಗಳಲ್ಲಿ ಹುಳದ ಬಗ್ಗೆ ಅವಳನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಮೇಜಿನ ಕೆಳಗೆ ಮುದುಡಿಕೊಂಡಿದ್ದ ರೂಪಶ್ರೀಯ ಬರಿಯ ಕಾಲ್ಬೆರಳುಗಳು ಒಂದೊಂದಾಗಿ ಸಡಿಲಗೊಂಡವು.